‘ಡಾಕ್ಟರ್ ಹೂ’ ನೋಡಲು 1963ಕ್ಕೆ ಹೋಗಬೇಕಿಲ್ಲ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಬ್ರಿಟನ್ನಿನ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಡಾಕ್ಟರ್ ಎಂಬ ಅನ್ಯಗ್ರಹದವನೊಬ್ಬ ಕಾಲದಲ್ಲಿ ಹಿಂದೆ ಮುಂದೆ ಸುತ್ತುವ ಕತೆ ಅದು. ಆದರೆ ಹೊಸಬರು ಮೊದಲ ಕಂತಿನಿಂದಲೇ ನೋಡುತ್ತ ಬರಬೇಕು ಎಂಬ ಮಾತು ಮಾತ್ರ ಒಪ್ಪಿಗೆಯಾಗಲಿಲ್ಲ. ಹಾಗೆ ಮಾಡಿ ನಾನೊಮ್ಮೆ ಸೋತಿದ್ದೇನೆ.

ಕಳೆದ ಬೇಸಿಗೆ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಅವನಿಗೆ 1963ರ ಮೊದಲ ಕಂತು ಹಾಕಿದೆ. ಅದೇನೋ ಚೆನ್ನಾಗಿಯೇ ಇದೆ. ಒಬ್ಬ ಮಾಸ್ತರ, ಒಬ್ಬ ಟೀಚರ್ ತಮ್ಮ ವಿದ್ಯಾರ್ಥಿನಿಯ ಬೆನ್ನು ಹತ್ತಿ ಗುಜರಿ ಅಡ್ಡೆಗೆ ಹೋಗುತ್ತಾರೆ. ಅಲ್ಲಿ ನಿಂತ ಪೊಲೀಸ್ ಪೆಟ್ಟಿಗೆಯೊಳಗೆ (ಪೊಲೀಸರಿಗೆ ಫೋನ್ ಮಾಡಲು ಆಗ ಬ್ರಿಟನ್ನಿನ ಬೀದಿಗಳಲ್ಲಿದ್ದ ಗೂಡು) ಕಾಲಿಟ್ಟರೆ, ಹೊರಗಿನಿಂದ ಕಂಡದ್ದಕ್ಕಿಂತ ದೊಡ್ಡ ಕೋಣೆ! ಅದೇ ಡಾಕ್ಟರ್‌ನ ಕಾಲಯಂತ್ರ. ಈ ಕಂತನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ ಎಂದು ಹೇಳಿ ಸ್ವಲ್ಪ ಬೀಗಿದೆ ಕೂಡ. ಮುಂದಿನ ಮೂರು ಕಂತು ಮಾತ್ರ ಬರೀ ಶಿಲಾಯುಗದ ಗುಹೆಯ ಜನ ಬೆಂಕಿಗಾಗಿ ಬಡಿದಾಡುವುದೇ. ಹುಡುಗ ಶೇಂಗಾ ತಟ್ಟೆ ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಹೋದ.

ಇನ್ನೊಂದು ತೊಡಕೂ ಇದೆ. ಆಗ ಬಿಬಿಸಿಯವರು ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಹೀಗಾಗಿ 60ರ ದಶಕದ ಎಷ್ಟೋ ಕಂತುಗಳ ಚಿತ್ರವೇ ಇಲ್ಲ. ಅಭಿಮಾನಿಗಳು ಮನೆಯಲ್ಲಿ ರೆಕಾರ್ಡ್ ಮಾಡಿಟ್ಟ ಧ್ವನಿಯಷ್ಟೇ ಉಳಿದಿದೆ. ಒಂದೂ ಬಿಡದೆ ನೋಡುತ್ತೇನೆಂದು ಹಟ ಹಿಡಿದರೂ ಆಗುವುದಿಲ್ಲ ಅಲ್ವಾ?

ಮರುವಾರ 2007ರ ‘ಬ್ಲಿಂಕ್’ ಎಂಬ ಕಂತು ಹಾಕಿದೆ. ಮುಕ್ಕಾಲು ಗಂಟೆಯ ಬಿಡಿ ಕತೆ. ನಾವು ನೋಡುತ್ತಿರುವಷ್ಟು ಹೊತ್ತು ಕಲ್ಲಾಗಿ ನಿಂತಿರುವ ವಿಗ್ರಹಗಳು, ಕಣ್ಣು ಮಿಟುಕಿಸಿದರೆ ಹತ್ತಿರ ಬಂದಿರುತ್ತವೆ. ಆ ಭಾನುವಾರವೇ ಬಾದಾಮಿಗೆ ಕರೆದುಕೊಂಡು ಹೋದೆ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನಿಗೆ ಇವನು ಬೆನ್ನು ತೋರಿಸಲೇ ಒಲ್ಲ. “ಮಾಮಾ, ನೀ ನೋಡ್ಕೋತ ನಿಂದರು, ನಾ ಹಿಂದಕ್ಕ ಸರೀತೀನಿ” ಎಂದ. ಪಕ್ಕದಲ್ಲಿದ್ದ ಗೈಡ್‌ಗೆ ಏನೂ ತಿಳಿಯಲಿಲ್ಲ, ಪಾಪ.

ಆದರೆ ‘ಬ್ಲಿಂಕ್’ನಲ್ಲಿ ಡಾಕ್ಟರ್ ಕಾಣಿಸಿಕೊಳ್ಳುವುದೇ ಕಡಿಮೆ. ಅದು ರುಚಿ ಹತ್ತಿಸಲು ಮಾತ್ರ. ಕೂತು ಶುರು ಮಾಡಬೇಕಾದ್ದು 2005ರ ‘ರೋಸ್’ನಿಂದ. 1989ರಲ್ಲಿ ನಿಂತಿದ್ದ ಧಾರಾವಾಹಿ ಮತ್ತೆ ಆರಂಭವಾದದ್ದು ಅಲ್ಲಿಂದಲೇ (ನಡುವೆ 1996ರಲ್ಲಿ ಒಂದು ಟಿವಿ ಚಿತ್ರ ಬಂದಿತ್ತು, ಅದನ್ನು ಬಿಟ್ಟರೂ ನಡೆಯುತ್ತದೆ). ಅಂಗಡಿಯಲ್ಲಿ ಕೆಲಸ ಮಾಡುವ ರೋಸ್‌ಗೂ ಈ ಡಾಕ್ಟರ್ ಯಾರೆಂದು ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಮ್ಮ ಬಾಯಲ್ಲಿರುವ ಪ್ರಶ್ನೆಯನ್ನೇ ಅವಳು ಕೇಳುತ್ತಾಳೆ.

ಡಾಕ್ಟರ್‌ನ ಮುಖ ಆಗಾಗ ಬದಲಾಗುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಾಯುವ ಹೊತ್ತಿಗೆ ಅವನಿಗೆ ಹೊಸ ಮೈ ಬರುತ್ತದೆ. ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಾಗ, 1966ರಲ್ಲಿ ಹೂಡಿದ ಉಪಾಯವದು. ನಮ್ಮ ಲೋಕಾಪುರದ ಕಡೆ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೊಂದು ಮೇಳದಲ್ಲಿ ಒಬ್ಬೊಬ್ಬ ಕೃಷ್ಣ. ಹೋದ ವರ್ಷದ ಕೃಷ್ಣನೇ ಬೇಕೆಂದು ಗೊಣಗುವವರು ಅಲ್ಲಿಯೂ ಇರುತ್ತಾರೆ, ಇಲ್ಲಿಯೂ ಇದ್ದಾರೆ.

ನನ್ನ ಹೆಂಡತಿಗೆ ರಾಕೆಟ್ಟು, ರೋಬೊ ಅಂದರೆ ಆಗದು. ಅವಳು ಎದ್ದು ಹೋಗದೆ ನೋಡಿದ್ದು 2018ರ ‘ಡೀಮನ್ಸ್ ಆಫ್ ದಿ ಪಂಜಾಬ್’. 1947ರ ದೇಶ ವಿಭಜನೆಯ ದಿನಗಳಲ್ಲಿ ಹಿಂದೂ ಹುಡುಗ, ಮುಸ್ಲಿಂ ಹುಡುಗಿಯ ಮದುವೆಯ ಕತೆ. ಅಷ್ಟು ಹೊತ್ತಿಗೆ ಡಾಕ್ಟರ್ ಹೆಣ್ಣಾಗಿದ್ದಾಳೆ. ಅದರ ಬಗ್ಗೆ ಇವಳು ಏನೂ ಕೇಳಲಿಲ್ಲ.

ಹುಡುಗ ಈಗ 2010ರ ಕಂತುಗಳಿಗೆ ಬಂದಿದ್ದಾನೆ. ರಾತ್ರಿ ಫೋನ್ ಮಾಡಿ ನನಗೇ ಕತೆ ಹೇಳುತ್ತಾನೆ. ಆ ಗುಹೆಯವರ ಬೆಂಕಿ ಹೊತ್ತಿತೋ ಇಲ್ಲವೋ, ಇನ್ನೂ ಒಮ್ಮೆಯೂ ಕೇಳಿಲ್ಲ.

— ನಿಮ್ಮ ಓದುಗ, ನವನಗರ, ಬಾಗಲಕೋಟೆ