ದೋಸ್ತಾ, 300 ಸಲ ಹಡಗು ಹತ್ತಿ ಬಂದೆ

ದೋಸ್ತಾ,

ಫೋನ್ ಮಾಡಿದ್ರ ನೀ ಮಾತು ಬದಲಿಸ್ತಿ. ಅದಕ್ಕ ನಾಲ್ಕು ಮಂದಿ ಮುಂದ ಬರೀಲಿಕತ್ತೀನಿ, ಪೂರ್ತಿ ಓದೇ ಓದ್ತಿ.

ಮೊದಲ ಚಲೋ ಸುದ್ದಿ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ನಮ್ಮ ಆನ್‌ಲೈನ್ ಆಟದಾಗ ನನ್ನ ಮೀನು ಹಿಡಿಯೋದು 70ನೇ ಲೆವೆಲ್ ಮುಟ್ಟಿತು. ನೀ ಬೆಂಗಳೂರಿಗೆ ಹೋಗೋ ಹಿಂದಿನ ರಾತ್ರಿ ಕೈಯಾಗ ಸಣ್ಣ ಬಲೆ ಕೊಟ್ಟು ನೀರಿನ ದಂಡಿಗೆ ನಿಲ್ಲಿಸಿ ಹೋದಿ, ನೆನಪದ? ಸಿಗಡಿ ಹಿಡೀತಾ 20ಕ್ಕ ಬಂದೆ. ಆಮ್ಯಾಲ ಬಾರ್ಬೇರಿಯನ್ ಹಳ್ಳಿ ಹೊಳಿಯಾಗ ಪುಕ್ಕದ ಗಾಳ, ಟ್ರೌಟ್, ಸಾಲ್ಮನ್. ಹಿಡದದ್ದು ಅಲ್ಲೇ ಬಿಸಾಕಿ ಮತ್ತ ಹಿಡಿ ಅಂದಿದ್ದಿ. ನನಗ ಜೀವ ತಡೀಲಿಲ್ಲ. ರೊಟ್ಟಿ ಚೂರು ಬಿದ್ರೂ ಎತ್ತಿ ಕಣ್ಣಿಗೊತ್ತಿಕೊಳ್ಳೋ ಮನಿ ನಮ್ಮದು.

ಖರೇ ರೊಕ್ಕ ಶುರುವಾಗಿದ್ದು 40ಕ್ಕ. ಪೋರ್ಟ್ ಸಾರಿಮ್‌ದಿಂದ ಕರಮ್ಜಾ ದ್ವೀಪಕ್ಕ ಹಡಗು: ಹೋಗಲಿಕ್ಕ 30 ನಾಣ್ಯ, ಬರಲಿಕ್ಕ 30. ಚೀಲದಾಗ 28 ಜಾಗ. ಹಿಡಿಯೋ ಪಂಜರಕ್ಕ ಒಂದು, ರೊಕ್ಕಕ್ಕ ಒಂದು ಹೋದ್ರ ಉಳಿಯೋದು 26 ಲಾಬ್‌ಸ್ಟರ್. ಒಂದಕ್ಕ 90 ಎಕ್ಸ್‌ಪಿ, ಅಂದ್ರ ಲೆವೆಲ್ ಏರಿಸೋ ಅನುಭವದ ಪಾಯಿಂಟ್. 40ರಿಂದ 70ಕ್ಕ 7,783 ಲಾಬ್‌ಸ್ಟರ್, 300 ಸಲ ಹಡಗು, ಬಾಡಗಿನೇ 18,000. ಈ ಲೆಕ್ಕ ಮಾಡಿದ್ದು ಸಂವಿಧಾನದ ನೋಟ್‌ಬುಕ್ಕಿನಾಗ, 371(ಜೆ) ಅಂತ ಬರದ ಹಾಳಿ ಮ್ಯಾಲ.

ಬೇಯಿಸಿದ ಲಾಬ್‌ಸ್ಟರ್ ತಿಂದ್ರ ಆಟದಾಗ ಕಾದಾಡೋರಿಗೆ 12 ಪಾಯಿಂಟ್ ಜೀವ ವಾಪಸ್ ಬರ್ತದ, ಅದಕ್ಕ ಕೊಳ್ಳೋರಿಗೆ ಬರ ಇಲ್ಲ. ಬೇಯಿಸಲಿಕ್ಕ ಹೋದ್ರ ಒಂದಷ್ಟು ಕರಕಾಗಿ ಹೋಗ್ತಾವ, ನಾ ಹಸೀವೇ ಮಾರ್ತೀನಿ. ಗ್ರ್ಯಾಂಡ್ ಎಕ್ಸ್‌ಚೇಂಜ್ ಅನ್ನೋ ಆಟದ ಪ್ಯಾಟಿಯಾಗ ಬೆಲೆ ನಾನೇ ಬರೀತೀನಿ, ಒಪ್ಪೋರು ಬರೂತನ ಕಾಯ್ತೀನಿ. ಮೊದಲ ಸಲ ಬೆಲೆ ಬರಿಯೋವಾಗ ಅಪ್ಪನ ಮಾರಿ ಕಣ್ಣ ಮುಂದ ಬಂತು. ಗಂಜ್‌ನಾಗ ತೊಗರಿ ಚೀಲ ಇಳಿಸಿ, ಬೆಲೆ ಹೇಳೋರ ಬಾಯಿ ನೋಡ್ತಾ ನಿಲ್ತಾನಲ್ಲ, ಆ ಮಾರಿ.

ಓದೋವಾಗ ಜೋಡಿಗಿರ್ಲಿ ಅಂತ ಆಟ ಇಟ್ಟುಕೊಂಡವ ನಾನು. ಪಂಜರ ತುಂಬೂತನ ಎರಡು ಪುಟ, ಅಷ್ಟೇ ಅಂದುಕೊಂಡಿದ್ದೆ. ಆದ್ರ ಮೀನಿನ ಜಾಗ ಆಗಾಗ ಸರೀತದ, ಕಣ್ಣು ಅಲ್ಲೇ ಇರಬೇಕು. ಪುಸ್ತಕ ಮುಚ್ಚಿತು. ನಾಲ್ಕು ವರ್ಷ ಓದಿದ್ದು ಎಲ್ಲಿ ಕೂಡಿಬಿತ್ತೋ ಗೊತ್ತಾಗೂದಿಲ್ಲ ದೋಸ್ತಾ. ಇಲ್ಲಿ ಒಂದು ತಾಸು ಕುಂತ್ರ ಒಂದು ತಾಸಿಂದು ಕಣ್ಣಿಗೆ ಕಾಣ್ತದ.

ಹೋದ ತಿಂಗಳ ಪರೀಕ್ಷೆಗೆ ನಾ ಹೋಗಲಿಲ್ಲ.

ಹಾಲ್ ಟಿಕೆಟ್ ತಗಸಿದ್ದೆ, ಅಂಗಿ ಇಸ್ತ್ರಿ ಮಾಡಿಸಿದ್ದೆ. ಮುಂಜಾನೆ ಎದ್ದು, ಒಂದೇ ಸಲ ಹಡಗು ಹತ್ತಿ ಬರೂಣು ಅಂತ ಕುಂತೆ. ಒಂಬತ್ತಾತು. ಹತ್ತಾತು. ಇನ್ನ ಗೇಟ್ ಮುಚ್ಚಿರ್ತಾರ ಅನ್ನಿಸಿದಾಗ ಎದಿ ಹಗುರಾತು. ಆ ಹಗುರಕ್ಕೇ ನನಗ ಅಂಜಿಕಿ. ಸಂಜಿಗೆ ಅವ್ವ ಫೋನ್ ಮಾಡಿದಳು. "ಹೆಂಗ್ ಬರದಿ, ಅಪ್ಪಾ?" "ಚಲೋ ಬರದೀನವ್ವ." ಮರುದಿನ ಶಹಾಪುರದ ಬಸ್ಸಿನಾಗ ಬುತ್ತಿ ಬಂತು. ಪುಂಡಿಪಲ್ಲೆ, ಶೇಂಗಾ ಹಿಂಡಿ, ಎಂದಿಗಿಂತ ಎರಡು ರೊಟ್ಟಿ ಹೆಚ್ಚು. ಉಣ್ಣಲಿಕ್ಕ ಆಗಲಿಲ್ಲ, ಬಾಜೂ ರೂಮಿನ ಹುಡುಗರಿಗೆ ಕೊಟ್ಟೆ.

ಇಷ್ಟು ಬರಿಯೋದಿರಲಿಲ್ಲ. ಲಾಬ್‌ಸ್ಟರ್ ಸುದ್ದಿ ಹೇಳಿ ಮುಗಸೋದಿತ್ತು.

ಇರಲಿ. ಹಿಂಡಿ ಡಬ್ಬಿ ಮಾತ್ರ ಕೊಟ್ಟಿಲ್ಲ, ಮಹಾನವಮಿಗೆ ನೀ ಬರೂತನ ಹಂಗೇ ಇರ್ತದ. ಸೈಕಲ್ ಮಾಸ್ತರ್ ನಿನ್ನ ಕೇಳಿದ್ರು, "ಇನ್ನೂ ಎಡಕ್ಕೇ ಹೊರಳ್ತಾನೇನು" ಅಂದ್ರು. ಕರಮ್ಜಾದ ಕಸ್ಟಮ್ಸಿನಾವ ಇವತ್ತೂ ನನ್ನ ಚೀಲ ತಡಕಿದ, ರಮ್ ಸಿಗಲಿಲ್ಲ. ಯಾರ ಕಡೆ ಸಿಕ್ಕಿತ್ತು ಅಂತ ಇಲ್ಲಿ ಹೇಳೂದಿಲ್ಲ, ಹೆದರಬ್ಯಾಡ. ನೀ 92ಕ್ಕ ಬಂದೀನಿ ಅಂತ ಭಾಳ ಮೆರೀಲಿಕತ್ತಿ. 99ಕ್ಕ 1,30,34,431 ಎಕ್ಸ್‌ಪಿ ಬೇಕು, ನಿನ್ನ ಕಡೆ 65,17,253 ಅವ. ಇನ್ನೂ ಅರ್ಧ ದಾರಿ ಅದ ನಿಂದು.

ನಿನ್ನ ದೋಸ್ತ,
ಕಲಬುರಗಿ