ಮಗಳಿಗೊಂದು ಪತ್ರ: ಬಾಗಿಲಿನ ದಾರಿ ತೆರವಾಗಿರಲಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾಳಿದ್ದು ನೀನು ತಿರುವನಂತಪುರಕ್ಕೆ ಹೊರಡುತ್ತೀಯ. ರಾಕೆಟ್ ಎಂಜಿನ್ನಿನ ಕೆಲಸ ಬಯಸಿದ್ದ ನಿನಗೆ ಇಸ್ರೋ ಕಟ್ಟಲಿರುವ ಭಾರತೀಯ ಅಂತರಿಕ್ಷ ನಿಲ್ದಾಣದ ಗಾಳಿ, ನೀರಿನ ಕೊಳವೆಗಳನ್ನು ಜೋಡಿಸುವ ವಿಭಾಗ ಸಿಕ್ಕಿತೆಂದು ನಿನ್ನೆ ಊಟದ ನಡುವೆಯೇ ಎದ್ದುಹೋದೆ. ನನ್ನ ನೌಕರಿಯ ಕಥೆಗಳು ನಿನಗೆ ಗೊತ್ತಿರುವುದರಿಂದ ಅವುಗಳನ್ನು ಬಿಟ್ಟು, ಮನಸ್ಸನ್ನು ಕೊರೆಯುತ್ತಿರುವ ಒಂದು ಸಂಗತಿಯನ್ನಷ್ಟೇ ಬರೆಯುತ್ತೇನೆ.

1997ರ ಜೂನ್ 25ರಂದು ಪ್ರೋಗ್ರೆಸ್ ಸರಕುನೌಕೆ ರಷ್ಯಾದ ಮಿರ್ ನಿಲ್ದಾಣಕ್ಕೆ ಡಿಕ್ಕಿ ಹೊಡೆದು, ಅದರ ಒಂದು ಕೋಣೆಯಂತಿದ್ದ ಸ್ಪೆಕ್ಟರ್ ಘಟಕದಿಂದ ಗಾಳಿ ಸೋರತೊಡಗಿತು. ಆ ಘಟಕಕ್ಕೆ ಹೋಗುವ ಒಂದು ಬಾಗಿಲನ್ನು ಮುಚ್ಚಿದರೆ ಉಳಿದ ನಿಲ್ದಾಣ ಸುರಕ್ಷಿತವಾಗುತ್ತಿತ್ತು. ಆದರೆ ವಿದ್ಯುತ್ ಕೇಬಲ್‌ಗಳೂ ಗಾಳಿಯ ಕೊಳವೆಯೂ ಅದೇ ಬಾಗಿಲಿನಲ್ಲಿ ಹಾದುಹೋಗಿದ್ದವು. ಒಳಗಿದ್ದ ಗಗನಯಾತ್ರಿಗಳಾದ ಅಲೆಕ್ಸಾಂಡರ್ ಲಾಝುಟ್ಕಿನ್ ಮತ್ತು ಮೈಕೆಲ್ ಫೋಲ್ ಕೈಗೆ ಬಂದವನ್ನು ಬಿಡಿಸಿ, ಬಾರದವನ್ನು ಕತ್ತರಿಸಿ, ಕೊನೆಗೆ ಒಂದು ಮುಚ್ಚಳವನ್ನು ಒತ್ತಿಟ್ಟು ಜೀವ ಉಳಿಸಿಕೊಂಡರು. ಸ್ಪೆಕ್ಟರ್‌ನ ಸೌರಫಲಕಗಳ ಸಂಪರ್ಕ ತಪ್ಪಿ ನಿಲ್ದಾಣದ ಅರ್ಧದಷ್ಟು ವಿದ್ಯುತ್ತೂ ಹೋಯಿತು. ಅದೇ ಆಗಸ್ಟ್‌ನಲ್ಲಿ ಬೇರೆ ಇಬ್ಬರು ಗಗನಯಾತ್ರಿಗಳು ಗಾಳಿಯಿಲ್ಲದ ಆ ಘಟಕದೊಳಗೆ ಇಳಿದು, ಕೇಬಲ್ ದಾಟಿಸಬಲ್ಲ ಹೊಸ ಮುಚ್ಚಳ ಕೂರಿಸಿದ ಮೇಲಷ್ಟೇ ಕೆಲವು ಸಂಪರ್ಕಗಳು ಮರಳಿದವು.

ಅಂತರರಾಷ್ಟ್ರೀಯ ನಿಲ್ದಾಣದ ಅಮೆರಿಕನ್ ಭಾಗದಲ್ಲಿ ಘಟಕಗಳನ್ನು ಮೋಟಾರುಚಾಲಿತ 16 ಬೋಲ್ಟುಗಳು ಬಿಗಿಯುತ್ತವೆ. ಎರಡು ಬಾಗಿಲುಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಗಗನಯಾತ್ರಿಗಳು ನೀರು, ಗಾಳಿ, ವಿದ್ಯುತ್ತಿನ ಮಾರ್ಗಗಳನ್ನು ಕೈಯಾರೆ ಜೋಡಿಸುತ್ತಾರೆ. ಅವು ಬಾಗಿಲಿನ ಸುತ್ತಲಿನ ಗೋಡೆಯನ್ನು ದಾಟುವುದರಿಂದ ಬಾಗಿಲು ಮುಚ್ಚಲು ಅಡ್ಡಿಯಾಗುವುದಿಲ್ಲ. 2015ರ ಜನವರಿಯಲ್ಲಿ, ನಿಲ್ದಾಣವನ್ನು ತಂಪಾಗಿಡುವ ವಿಷಕಾರಿ ಅಮೋನಿಯಾದ ಸೋರಿಕೆಯ ಎಚ್ಚರಿಕೆ ಮೊಳಗಿದಾಗ ಎಲ್ಲರೂ ರಷ್ಯಾದ ಭಾಗಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಎಚ್ಚರಿಕೆ ಸುಳ್ಳಾಗಿತ್ತು, ಬಾಗಿಲು ಮಾತ್ರ ನಿಜವಾಗಿಯೂ ಮುಚ್ಚಿತು. ಅದೇ ನಿಲ್ದಾಣದ ಟ್ರಾಂಕ್ವಿಲಿಟಿ ಘಟಕಕ್ಕಾಗಿ ಮಾಡಿದ್ದ ಅಮೋನಿಯಾ ಮೆದುಗೊಳವೆಗಳು ನೆಲದ ಪರೀಕ್ಷೆಯಲ್ಲೇ ವಿಫಲವಾದದ್ದರಿಂದ, 2010ರಲ್ಲಿ ಅದು ಹಾರುವ ಮುನ್ನ ಬೇರೆಯವನ್ನು ಸಿದ್ಧಪಡಿಸಲು ಸಾಧ್ಯವಾಯಿತು.

ಆದರೂ ನನ್ನ ಮನಸ್ಸು ಲಾಝುಟ್ಕಿನ್ ಕಡೆಗೇ ಮರಳುತ್ತದೆ. ಕಿವಿಗೆ ತಟ್ಟುವಂತೆ ಒತ್ತಡ ಇಳಿಯುತ್ತಿರುವಾಗ ಯಾವ ಕೇಬಲ್ ಎಲ್ಲಿ ಬಿಡುತ್ತದೆಂದು ಹುಡುಕಬೇಕಾದ ಆ ಮನುಷ್ಯನ ಜಾಗದಲ್ಲಿ ನಮ್ಮವರೊಬ್ಬರನ್ನು ನೆನೆದರೆ ನಿದ್ದೆ ಬರುವುದಿಲ್ಲ. ಆದ್ದರಿಂದ ಪ್ರತಿ ಜೋಡಣೆಯನ್ನೂ ಅದನ್ನು ಬಿಡಿಸುವವರ ಕಡೆಯಿಂದ ನೋಡು. ಬೆಳಕಿಲ್ಲದಿದ್ದರೂ ಕೈ ತಡವಿ ಬಿಡಿಸಲಾಗಬೇಕು. ಬಿಡಿಸಿದ ಮೇಲೆ ನೀರಿನ ಹನಿಗಳು ಹೊರಬಂದು ತೇಲಬಾರದು. ಬಾಗಿಲು ಮುಚ್ಚಿದ ಕಡೆ ಗಾಳಿ ನಿಂತುಹೋಗುತ್ತದೆ ಎಂಬುದನ್ನೂ ಮರೆಯಬೇಡ. ತೂಕವಿಲ್ಲದ ಸ್ಥಿತಿಯಲ್ಲಿ ಬೆಚ್ಚಗಿನ ಉಸಿರು ತಾನಾಗಿ ಮೇಲೇರುವುದಿಲ್ಲ, ಫ್ಯಾನು ತಿರುಗದಿದ್ದರೆ ಮಲಗಿದವರ ಮುಖದ ಸುತ್ತಲೇ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುತ್ತದೆ. ಹಿರಿಯರು ಒಪ್ಪಿದ ನಕ್ಷೆಯಾದರೂ ಸಂದೇಹವಿದ್ದರೆ ಕೇಳು. ಇದು ಉಪದೇಶದಂತಾಯಿತು, ಕ್ಷಮಿಸು.

2025ರ ಜನವರಿ 16ರಂದು ಇಸ್ರೋದ ಜೋಡಣೆ ಪ್ರಯೋಗವಾದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು ಕೂಡಿಕೊಂಡಾಗ ನೀನು ಕುಣಿದಿದ್ದೆ. ಅಲ್ಲಿ ಕೂಡಿದ್ದು ಯಂತ್ರಗಳು ಮಾತ್ರ. ಇನ್ನು ಮೇಲೆ ಮನುಷ್ಯರು ಉಸಿರಾಡುವ ಮನೆಗಳು ಕೂಡಬೇಕು. ಆ ಸಂಧಿಗಳ ಮೇಲೆ ನಿನ್ನ ಕೈ ಇರುತ್ತದೆಂದು ನನಗೆ ಹೇಳತೀರದ ಹೆಮ್ಮೆ.

ಹೊರಗಿನವರಿಗೆ ಹೇಳಬಾರದ್ದನ್ನು ನನಗೂ ಹೇಳಬೇಡ. ಹೇಳಬಹುದಾದರೆ ಇಷ್ಟನ್ನು ಬರೆ: ನಮ್ಮ ನಿಲ್ದಾಣದಲ್ಲಿ ಕೊಳವೆಗಳು ಬಾಗಿಲನ್ನು ದಾಟುತ್ತವೆಯೋ, ಗೋಡೆಯನ್ನೋ?

ನಿನ್ನ ಅಪ್ಪ