ಒಟಿಪಿಗಾಗಿ ಗುಡ್ಡ ಹತ್ತಿಸಬೇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಆಗಬೇಕೆಂದರೆ ಕಾರವಾರ, ಶಿರಸಿಯವರು ಹುಬ್ಬಳ್ಳಿ, ಮಣಿಪಾಲ, ಬೆಂಗಳೂರಿನ ಹಾದಿ ಹಿಡಿಯುವುದು ತಮಗೆ ಹೊಸ ಸುದ್ದಿಯಲ್ಲ. ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಉತ್ತರ ಕನ್ನಡ ಜಿಲ್ಲೆ ಕೂಗಿದ್ದೂ ಕೇಳಿಸಿರಬೇಕು. ಈ ಪತ್ರ ಅದಕ್ಕಲ್ಲ. ಆಪರೇಷನ್ ಮುಗಿಸಿ ಅರಬೈಲ್ ಘಟ್ಟ ಇಳಿದು ಮನೆಗೆ ಬಂದವರ ಮುಂದಿನ ಎಂಟು ವಾರಗಳ ಬಗ್ಗೆ.

ಅವರ ಕೈಯಲ್ಲಿರುವುದು ಮೂರು ಚೆಂಡಿನ ಸ್ಪೈರೋಮೀಟರ್ ಎಂಬ ಉಸಿರಾಟದ ವ್ಯಾಯಾಮದ ಡಬ್ಬಿ, ಜೊತೆಗೆ ಇಂಗ್ಲಿಷಿನ ಡಿಸ್ಚಾರ್ಜ್ ಹಾಳೆ. ಉಸಿರಾಟದ ವ್ಯಾಯಾಮಕ್ಕೆ ಅದರಲ್ಲಿ ಒಂದೇ ಸಾಲು. ಎಷ್ಟೋ ಜನ ಆ ಡಬ್ಬಿಯನ್ನು ಶಂಖದಂತೆ ಊದುತ್ತಾರೆ. ಊದುವುದಲ್ಲ, ಉಸಿರು ಒಳಗೆ ಎಳೆಯಬೇಕು, ಅದೂ ರಪ್ಪನೆ ಮೂರೂ ಚೆಂಡು ಹಾರಿಸುವುದಲ್ಲ, ನಿಧಾನ ಎಳೆದು ಮೊದಲ ಚೆಂಡನ್ನು ಮೂರು ಸೆಕೆಂಡಾದರೂ ಮೇಲೆ ನಿಲ್ಲಿಸಬೇಕು. ಎಚ್ಚರವಿದ್ದಷ್ಟು ಹೊತ್ತು ಗಂಟೆಗೆ ಹತ್ತು ಸಲ. ನೋವಿಗೆ ಹೆದರಿ ಕೆಮ್ಮನ್ನು ತಡೆದರೆ ಕಫ ಕಟ್ಟಿ, ಉಳಿದ ಶ್ವಾಸಕೋಶ ಅರಳದೆ, ನ್ಯುಮೋನಿಯಾಕ್ಕೆ ದಾರಿ. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಿ ಎಂದು ತೋರಿಸಿಕೊಡಲು ಎರಡು ನಿಮಿಷ ಸಾಕು. ತೋರಿಸುವವರಿಲ್ಲ. ಕೊಯ್ದ ಬದಿಯ ತೋಳನ್ನು ಮೈಗೆ ಅಂಟಿಸಿಕೊಂಡೇ ಇದ್ದರೆ ಭುಜ ಬಿಗಿಯುತ್ತದೆ. ಆಮೇಲೆ ಅಂಗಿ ತೊಡಿಸಲೂ ಒಬ್ಬರು ಬೇಕು.

ಇದಕ್ಕೆಲ್ಲ ಆ್ಯಪ್ ಇದೆಯಂತೆ. ಜೋಯಿಡಾ, ಸಿದ್ದಾಪುರದ ಎಷ್ಟೋ ಕಡೆ ಒಟಿಪಿ ಬರಬೇಕಾದರೆ ಗುಡ್ಡ ಹತ್ತಬೇಕು. ಶ್ವಾಸಕೋಶದ ಒಂದು ಹಾಲೆ ತೆಗೆಸಿಕೊಂಡವರನ್ನು ಗುಡ್ಡ ಹತ್ತಿಸುವುದೇ ಸರ್ಕಾರದ ಪುನರ್ವಸತಿ ಯೋಜನೆಯಾದರೆ ಹಾಗೆಂದು ಹೇಳಿಬಿಡಿ. ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಇ-ಸಂಜೀವಿನಿ ಒಮ್ಮೆ ವೈದ್ಯರನ್ನು ಕೇಳಲು ಸರಿ, ವಾರವಾರ ವಿಚಾರಿಸಿಕೊಳ್ಳಲು ಅಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ ನಂತರ ಆಯುಷ್ಮಾನ್ ಕಾರ್ಡು ನೋಡಿಕೊಳ್ಳುವುದು 15 ದಿನ. ಶ್ವಾಸಕೋಶಕ್ಕೆ ಈ ನಿಯಮ ಗೊತ್ತಿಲ್ಲ.

ನಾವು ಕೇಳುವುದು ಒಂದು ಫೋನು. ತಾಲ್ಲೂಕು ಆಸ್ಪತ್ರೆಯಿಂದ ಫಿಸಿಯೋಥೆರಪಿಸ್ಟರು ವಾರಕ್ಕೊಮ್ಮೆ, ಎಂಟು ವಾರ, ಕನ್ನಡದಲ್ಲಿ ಮಾಡುವ ಕರೆ. ಬಟನ್ ಫೋನಾದರೂ ನಡೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಎರವಲು ಕೊಡಿ. ಅಡಿಕೆ ಒಣಗಿಸುವ ಅಂಗಳದಲ್ಲಿ, ಮಳೆಗಾಲವಾದರೆ ಜಗುಲಿಯಲ್ಲಿ, ಆರು ನಿಮಿಷ ನಡೆದು ಎಷ್ಟು ಸುತ್ತಾಯಿತು, ಆಮ್ಲಜನಕ ಮೊದಲೆಷ್ಟು, ನಂತರವೆಷ್ಟು ಎಂದು ರೋಗಿಗಳೇ ಬರೆದಿಟ್ಟು ಕರೆಯಲ್ಲಿ ಹೇಳುತ್ತಾರೆ. ಬೆರಳು ತಣ್ಣಗಿದ್ದರೆ ಅಂಕಿ ತಪ್ಪುತ್ತದೆ, ಉಜ್ಜಿಕೊಳ್ಳಲು ಹೇಳಿಕೊಡಬೇಕು. ಕೂತಲ್ಲೇ ಆಮ್ಲಜನಕ 92ಕ್ಕಿಂತ ಇಳಿದರೆ, ಜ್ವರದೊಡನೆ ಕಫ ಹಳದಿಯೋ ಹಸಿರೋ ಆದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಮುಂದಿನ ಕರೆಗೆ ಕಾಯುವಂತಿಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು, ಆಪರೇಷನ್ ಮಾಡಿದ ವೈದ್ಯರಿಗೂ ಸುದ್ದಿ ಮುಟ್ಟಬೇಕು.

ಹೊಸ ಕಟ್ಟಡ ಬೇಡ, ಉದ್ಘಾಟನೆಗೆ ಬರುವ ತೊಂದರೆಯೂ ತಮಗೆ ಬೇಡ. ವಾರಕ್ಕೊಂದು ಫೋನು. ಆದೇಶ ಯಾವ ತಾರೀಖಿಗೆ ಎಂದು ತಿಳಿಸಿ. ಇಂಗ್ಲಿಷಿನಲ್ಲಿ ಬರೆದರೂ ಅಡ್ಡಿಯಿಲ್ಲ, ಓದಿಸಿಕೊಂಡು ನಮಗೆ ರೂಢಿಯಾಗಿದೆ.

ಇತಿ,
ಮನೆಯಲ್ಲಿ ಆರೈಕೆ ಮಾಡುವವರು, ಉತ್ತರ ಕನ್ನಡ